ಮೌನಕ್ಕೆ ಹತ್ತನೆಯವರು

ಮಧ್ಯಾಹ್ನ ಎರಡಕ್ಕೆ ಪ್ರಯೋಗ. ಬೆಳಿಗ್ಗೆ ಹತ್ತನೆಯ ಓದುಗ ಜ್ವರ ಬಂದು ಮಲಗಿಬಿಟ್ಟ.

ಉತ್ತಮ್, ಹೊರದೇಶದ ಬೆಂಟ್ಲಿ ಎಂಬಲ್ಲಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಸಂಶೋಧಕ. ಕವಿತೆಯನ್ನು ಮೌನವಾಗಿ ಓದುವವರ ಮನಸ್ಸಿನಲ್ಲಿ ಏನಾಗುತ್ತದೆ ಎಂಬುದು ಅವನ ಪಿಎಚ್‌ಡಿ ವಿಷಯ. ಹತ್ತು ಜನ ಒಂದೇ ಕೋಣೆಯಲ್ಲಿ ಕೂತು, ಒಂದೇ ಕವಿತೆಯನ್ನು ಸದ್ದಿಲ್ಲದೆ ಓದಿ, ಅನಿಸಿದ್ದನ್ನು ಬರೆದುಕೊಡಬೇಕು. ಒಬ್ಬರು ಕಡಿಮೆಯಾದರೂ ಪ್ರಬಂಧ ಆರು ತಿಂಗಳು ಮುಂದಕ್ಕೆ.

ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ಅವನಿಗೆ ರೂಮು ಕೊಟ್ಟಿದ್ದ ಕಸ್ತೂರಿ, ಇಡ್ಲಿ ಬಡಿಸುತ್ತಲೇ ಪರಿಹಾರ ಹೇಳಿದರು.

“ನಮ್ಮ ಮಾವನವರನ್ನ ಕರ್ಕೊಂಡು ಹೋಗೋ. ಇಂಗ್ಲಿಷ್ ಚೆನ್ನಾಗಿ ಬರುತ್ತೆ.”

“ಸುಮ್ನೆ ಕೂತ್ಕೋತಾರಾ ಆಂಟಿ?”

“ಮೈಸೂರಿಂದ ಬಂದು ಮೂರು ತಿಂಗಳಾಯ್ತು, ಮನೇಲಿ ಇದ್ದಾರೋ ಇಲ್ವೋ ಗೊತ್ತಾಗಲ್ಲ.”

ಅವರು ಹೇಳದೆ ಬಿಟ್ಟದ್ದು ಒಂದೇ: ಮಾವ ಸಿದ್ದಲಿಂಗಯ್ಯನವರು ಮೈಸೂರಿನಲ್ಲಿ ನಲವತ್ತು ವರ್ಷ ಕಾವ್ಯವನ್ನು ರಾಗವಾಗಿ ಓದಿ ಜನಕ್ಕೆ ಕೇಳಿಸಿದವರು.

ಪ್ರಯೋಗದ ಕೋಣೆಯಲ್ಲಿ ಮುದುಕರು ಚಪ್ಪಲಿ ಬಿಟ್ಟು, ಕವಿತೆಯ ಹಾಳೆಯನ್ನು ಕಣ್ಣಿಗೊತ್ತಿಕೊಂಡರು.

“ಮನಸ್ಸಲ್ಲೇ ಓದ್ಕೊಳ್ಳಿ ತಾತ.”

“ಪದ್ಯ ಬಾಯ್ಮುಚ್ಕೊಂಡು ಓದೋದಾ? ಹೋಳಿಗೆ ನೋಡಿ ಹೊಟ್ಟೆ ತುಂಬಿಸ್ಕೋ ಅಂದ ಹಾಗಾಯ್ತಲ್ಲಪ್ಪ.”

“ನನ್ನ ಪಿಎಚ್‌ಡಿ ತಾತ.”

“ಆಗ್ಲಪ್ಪ.”

ಮೊದಲ ನಿಮಿಷ ತುಟಿ ಮಾತ್ರ ಅಲ್ಲಾಡಿತು. ಎರಡನೆಯ ನಿಮಿಷ ಬೆರಳು ತೊಡೆಯ ಮೇಲೆ ತಾಳ ಹಿಡಿಯಿತು. ಉತ್ತಮ್ ದೂರದಿಂದಲೇ ಕೈಮುಗಿದ. ಅವರು ಬಾಯಿ ಬಿಗಿದರು, ಕುಕ್ಕರಿನ ವಿಷಲ್ಲನ್ನು ಸೌಟಿನಿಂದ ಒತ್ತಿ ಹಿಡಿದಂತೆ. ಮೂರನೆಯ ನಿಮಿಷಕ್ಕೆ ಕಡಲನ್ನು ಕುರಿತ ಆ ಇಂಗ್ಲಿಷ್ ಕವಿತೆ ಮೋಹನ ರಾಗದಲ್ಲಿ ಎದ್ದು ಬಂತು.

ಒಂಬತ್ತು ಪೆನ್ನುಗಳೂ ನಿಂತವು. ಅಲೆ ಹಿಂದೆ ಸರಿಯುವ ಸಾಲನ್ನು ಅವರು ಮೂರು ಬಗೆಯಲ್ಲಿ ಹೇಳಿದರು. ನಾಲ್ಕನೆಯ ಸಲ ಒಂಬತ್ತೂ ಜನ ದನಿಗೂಡಿಸಿದರು. ಬಾಗಿಲಲ್ಲಿ ಅವನ ಪಿಎಚ್‌ಡಿ ಮಾರ್ಗದರ್ಶಕಿ ಹೆಲೆನ್ ಕಣ್ಣುಮುಚ್ಚಿ ನಿಂತಿದ್ದರು. ಉತ್ತಮ್‌ಗೆ ಸಣ್ಣ ಆಸೆ ಹುಟ್ಟಿತು.

“ಇಪ್ಪತ್ತು ವರ್ಷದಿಂದ ಈ ಕವಿತೆ ಪಾಠ ಮಾಡುತ್ತಿದ್ದೇನೆ. ಇವತ್ತೇ ಅದನ್ನು ಕೇಳಿದ್ದು,” ಎಂದರು ಹೆಲೆನ್.

“ಹಾಗಾದರೆ ವಿಷಯ ಇದಕ್ಕೇ ಬದಲಾಯಿಸಲೇ?”

“ಬೇಡ, ನಿನ್ನ ವಿಷಯ ಮೌನವೇ ಇರಲಿ. ಆದರೆ ಇವರು ಯಾರೂ ಇನ್ನು ಈ ಕವಿತೆಯನ್ನು ಮೌನವಾಗಿ ಓದಲಾರರು. ಶುಕ್ರವಾರದೊಳಗೆ ಹೊಸದಾಗಿ ಹತ್ತು ಜನರನ್ನು ಹುಡುಕು.”

ವಾಪಸು ಬರುವಾಗ ಬಸ್ಸಿನಲ್ಲಿ ಉತ್ತಮ್ ಪರಿಚಯದವರ ಹೆಸರುಗಳನ್ನು ಎಣಿಸುತ್ತ ಕೂತ. ಸಿಟ್ಟು ಮಾಡಿಕೊಳ್ಳೋಣವೆಂದರೆ ಅವನ ಬಾಯಲ್ಲೂ ಅದೇ ಸಾಲು ಗುನುಗುತ್ತಿತ್ತು. ಸಿದ್ದಲಿಂಗಯ್ಯನವರು ಯಾರ ಜೊತೆಗೋ ಫೋನಿನಲ್ಲಿ ಮಾತು ಮುಗಿಸಿ ಅವನ ಭುಜ ತಟ್ಟಿದರು.

“ತಪ್ಪಾಯ್ತಪ್ಪ. ಯೋಚ್ನೆ ಮಾಡ್ಬೇಡ, ಹತ್ತು ಜನಾನ ನಾನೇ ಒಪ್ಸಿದೀನಿ.”

“ನಿಜವಾಗ್ಲೂ? ಯಾರು ತಾತ?”

“ಮೋರ್ಲಿ ಬಡಾವಣೇಲಿ ನಮ್ಮ ಕನ್ನಡದವರ ಭಾನುವಾರದ ಕಾವ್ಯವಾಚನದ ಗುಂಪೊಂದಿದೆ, ಅವರೇ. ಹಾರ್ಮೋನಿಯಂ ತರೋದಾ ಅಂತ ಕೇಳ್ತಿದ್ರು. ತನ್ನಿ ಅಂದೆ.”