ದೊರೆಯ ಹುಷಾರು, ನಮ್ಮ ಹುಷಾರು

ಪಾಠ ಹೇಳುವವನಿಗೆ ಕೆಲಸ ಗೊತ್ತಿರಬಾರದು; ಗೊತ್ತಿದ್ದರೆ ಪಾಠ ಕೆಡುತ್ತದೆ. ಇದು ನಾನು ಹೊಸಪೇಟೆ ಸ್ಟೇಷನ್ನಿನ ಪಕ್ಕದ ಅದಿರಿನ ಅಂಗಳದಲ್ಲಿ ದುಭಾಷಿಯಾಗಿದ್ದು ಕಲಿತ ವೇದಾಂತ. ಸಂಡೂರಿನ ಅದಿರನ್ನು ಅಲ್ಲಿ ತಳ್ಳುಗಾಡಿಗೆ ತುಂಬಿ, ಹಳಿಯ ಮೇಲೆ ದಿಬ್ಬ ಹತ್ತಿಸಿ, ವ್ಯಾಗನ್ನಿಗೆ ಸುರಿಯುತ್ತಿದ್ದರು. ಆಳುಗಳಿಗೆ ಅಪಾಯ ತಪ್ಪಿಸಿಕೊಳ್ಳುವ ಪಾಠ ಹೇಳಲು ಮದರಾಸಿನಿಂದ ಒಬ್ಬ ಇಂಗ್ಲಿಷ್ ದೊರೆ ಬಂದ. ಬ್ರೇಕು ಹಾಕದೆ ಗಾಡಿ ನಿಲ್ಲಿಸಕೂಡದು ಎಂದ. ಆಳುಗಳು ಮುಖ ಮುಖ ನೋಡಿಕೊಂಡರು. ನಮ್ಮ ಗಾಡಿಗಳಿಗಿದ್ದ ಬ್ರೇಕು ಎಂದರೆ ಗಾಲಿಗೆ ಕೊಡುವ ಕಲ್ಲು. ಅಪಾಯ ಕಂಡವನು "ಹುಷಾರ್!" ಎಂದು ಕೂಗಬೇಕು, ಕೇಳಿದವರೆಲ್ಲ ಕೈಬಿಟ್ಟು ಪಕ್ಕಕ್ಕೆ ಸರಿಯಬೇಕು ಎಂದೂ ಅಪ್ಪಣೆಯಾಯಿತು.

ಅಯ್ಯೋ ಶಿವನೇ! ನಮ್ಮ ಅಂಗಳದಲ್ಲಿ ಮೇಸ್ತ್ರಿ "ಹುಷಾರ್!" ಎಂದರೆ ಎಲ್ಲರೂ ಹೆಗಲು ಕೊಟ್ಟು ಒಟ್ಟಿಗೆ ತಳ್ಳುವುದು. ಅದನ್ನು ದೊರೆಗೆ ಹೇಳಿದೆ. "ನಿಮ್ಮ ಮಾತಿನ ಅರ್ಥ ನನಗೆ ಗೊತ್ತು" ಎಂದು ಆತ ಚುರುಟು ಹಚ್ಚಿದ. ಹುಟ್ಟಿದಾಗಿನಿಂದ ಆಡಿಕೊಂಡು ಬಂದ ನನಗೇ ಗೊತ್ತಿಲ್ಲ ನೋಡಿ! ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ, "ನೀವೊಬ್ರ ಶಾಣ್ಯಾ ಏನ್ರಿ? ಸುಮ್ನ ಉಂಡು ಮಕ್ಕೋರಿ" ಎಂದಳು. ಉಂಡೆ, ಮಲಗಿದೆ.

ಮುಂದೆ ಆದದ್ದಿಷ್ಟೇ. ದಿಬ್ಬದ ಮೇಲಿನ ಗಾಡಿಯ ಕಲ್ಲು ಜಾರಿ, ಗಾಡಿ ಕೆಳಕ್ಕೆ ಉರುಳಿತು. ಮೇಲಿದ್ದವನು ಪಾಠ ನೆನೆಸಿಕೊಂಡು "ಹುಷಾರ್!" ಎಂದು ಚೀರಿದ. ದಿಬ್ಬದ ಬುಡದ ಇನ್ನೊಂದು ಗಾಡಿಯ ಹಿಂದೆ, ದಿಬ್ಬಕ್ಕೆ ಬೆನ್ನು ಹಾಕಿ ನಿಂತಿದ್ದ ಆಳು ಹನುಮಪ್ಪ ಸರಿಯಲಿಲ್ಲ. ರೂಢಿಯಂತೆ ಗಾಡಿಗೆ ಹೆಗಲು ಕೊಟ್ಟ. ಎರಡು ಗಾಡಿಗಳ ನಡುವೆ ಅವನ ಕಾಲು ನುಚ್ಚುನೂರಾಯಿತು.

ವಿಚಾರಣೆಯಲ್ಲಿ ದೊರೆ ಕೇಳಿದ್ದು ಒಂದೇ ಪ್ರಶ್ನೆ: "ಕೂಗಿದ್ದು ಅವನಿಗೆ ಕೇಳಿಸಿತೋ?" ಮೇಸ್ತ್ರಿ, "ಕೇಳಿಸ್ತ್ರಿ, ಕೇಳಿಸಿದ್ದಕ್ಕ ತಳ್ಳಿದ" ಎಂದ. ನಾನು ಪೂರ್ತಿ ಇಂಗ್ಲಿಷಿಗೆ ತಿರುಗಿಸಿದೆ. ದೊರೆಗೆ ಅದರಲ್ಲಿ ಬೇಕಾದದ್ದು ಅರ್ಧ ಮಾತ್ರ. ಎಚ್ಚರಿಕೆ ಕೇಳಿಯೂ ಮೀರಿದವನಿಗೆ ಅಂಗಳದಲ್ಲಿ ಯಾವ ಕೆಲಸವೂ ಇಲ್ಲ ಎಂದು ತೀರ್ಪಾಯಿತು. ನನ್ನ ಬಾಯಿ "ಯಸ್ ಸರ್" ಎಂದಿತು.

ತೀರ್ಪು ಮುಟ್ಟಿಸಲು ಚಿತ್ತವಾಡ್ಗಿಯಲ್ಲಿದ್ದ ಹನುಮಪ್ಪನ ಮನೆಗೆ ಹೋದೆ. ಅವನು ಚಾಪೆಯ ಮೇಲಿದ್ದ. ಬಾಯಿರೂಢಿ ನೋಡಿ, "ಹುಷಾರಿದ್ದೀಯೇನಪ್ಪ?" ಎಂದುಬಿಟ್ಟೆ.

"ಯಾವ ಹುಷಾರು ಕೇಳ್ತೀರಿ ಸ್ವಾಮಿ? ದೊರಿದೋ, ನಮ್ದೋ?" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಕುಂತು ಮಾಡೂ ಕೆಲ್ಸರ ಕೊಡ್ತಾರೇನ್ರಿ?" ಎಂದ.

ದೊರೆಯ ತೀರ್ಪನ್ನು ಕನ್ನಡದಲ್ಲಿ ಹೇಳಿದೆ. ಭಾಳ ಚೆನ್ನಾಗಿ ಹೇಳಿದೆ. ಅದರಲ್ಲಿ ಒಂದು ಮಾತಿಗೂ ಎರಡರ್ಥ ಬರಲಿಲ್ಲ.