ಕಾಕಾನ ಮುಖ ಮಾರಾಟಕ್ಕಿದೆ

ಫೋಟೊ ಸ್ಟುಡಿಯೊ ಇಟ್ಟುಕೊಂಡವನಿಗೆ ನಗುವ ಹಕ್ಕಿಲ್ಲ, ಎದುರಿನವರನ್ನು ನಗಿಸುವ ಕೆಲಸ ಮಾತ್ರ ಇದೆ. ನಮ್ಮ ಶಹಾಪುರದಲ್ಲಿ ಎದುರಿನವರೂ ನಗುವುದಿಲ್ಲ. ಕ್ಯಾಮೆರಾ ಕಂಡರೆ ಕೋರ್ಟಿಗೆ ಬಂದವರ ಹಾಗೆ ನಿಲ್ಲುತ್ತಾರೆ. ಇಷ್ಟು ಗಂಭೀರವಾದ ಅಂಗಡಿಯನ್ನೇ ನಗೆಯ ಪ್ರಸಂಗಗಳು ಯಾಕೆ ಹುಡುಕಿಕೊಂಡು ಬರುತ್ತವೋ ತಿಳಿಯದು. ಇವು ನಡೆಯುವಾಗ ನನಗಂತೂ ನಗು ಬಂದಿರಲಿಲ್ಲ.

೧. ಹೆಸರಿಲ್ಲದ ಫೋಟೊ

ಎಲ್ಲರ ಕೈಗೂ ಕ್ಯಾಮೆರಾದ ಫೋನು ಬಂದ ಮೇಲೆ ಸ್ಟುಡಿಯೊಕ್ಕೆ ಪಾಸ್‌ಪೋರ್ಟ್ ಸೈಜಿನವರು ಬಿಟ್ಟರೆ ಬೇರೆಯವರು ಬರುವುದು ನಿಂತಿತು. ಆಗ ಯಾದಗಿರಿಯ ಗೆಳೆಯನೊಬ್ಬ, ಇಂಟರ್‌ನೆಟ್ಟಿನಲ್ಲಿ ಫೋಟೊ ಮಾರುವ ಸೈಟುಗಳಿವೆ, ಜಾಹೀರಾತು ಮಾಡುವವರು ಅಲ್ಲಿಂದ ಕೊಳ್ಳುತ್ತಾರೆ, ಸಿಗುವುದು ಪುಡಿಗಾಸು, ಆದರೆ ಒಂದೇ ಫೋಟೊವನ್ನು ಎಷ್ಟು ಜನರಿಗೆ ಬೇಕಾದರೂ ಮಾರಬಹುದು ಎಂದ. ನಮ್ಮ ಸಂತೆಯಲ್ಲಿ ಒಂದೇ ಎಮ್ಮೆಯನ್ನು ನಾಲ್ಕು ಜನರಿಗೆ ಮಾರಿದರೆ ಪೊಲೀಸರು ಬರುತ್ತಾರೆ. ಇಲ್ಲಿ ಹಾಗೆ ಮಾರುವುದೇ ಕಾನೂನು ಎಂದು ಕೇಳಿ ಸೇರಿಕೊಂಡೆ.

ಮೊದಲ ಕಂತಿನಲ್ಲಿ ನನ್ನ ಒಳ್ಳೆಯ ಮಾಲನ್ನೇ ಕಳಿಸಿದೆ. ಹತ್ತಿಕುಣಿಯ ಜಲಾಶಯ, ಊರ ಪಕ್ಕದ ಗುಡ್ಡ, ಹತ್ತಿ ಬಿಡಿಸುವ ಹೆಣ್ಣುಮಕ್ಕಳು. ಹೆಣ್ಣುಮಕ್ಕಳ ಮುಖವನ್ನು ಮದುವೆ ಆಲ್ಬಮ್ಮಿನ ರೂಢಿಯಂತೆ ಬೆಳ್ಳಗೆ ಮಾಡಿದ್ದೆ. ಪ್ರತಿಯೊಂದರ ಮೂಲೆಗೂ ಕೆಂಪಕ್ಷರದಲ್ಲಿ ಸ್ಟುಡಿಯೊದ ಹೆಸರು, ಫೋನ್ ನಂಬರು ಹಾಕಿದ್ದೆ. ಎಲ್ಲವೂ ವಾಪಸು ಬಂದವು. ಮುಖದ ಬಣ್ಣ ಸಹಜವಾಗಿಲ್ಲ, ಹೆಸರು ತೆಗೆಯಿರಿ ಎಂದು ಬರೆದಿದ್ದರು.

ಸ್ಟುಡಿಯೊ ಕಟ್ಟಿದವನು ನಮ್ಮಪ್ಪ. ಈಗಲೂ ಬಾಗಿಲ ಬೆಂಚಿನ ಮೇಲೆ ಪೇಪರು ಹಿಡಿದು ಕೂತಿರುತ್ತಾನೆ. ವಿಷಯ ಕೇಳಿ ಅವನು ಪೇಪರು ಕೆಳಗಿಟ್ಟ.

"ಹೆಸರಿಲ್ಲದ ಫೋಟೊ ಅಂದ್ರ ಬೀಡಾಡಿ ದನ ಇದ್ದಂಗ. ಎಲ್ಲಿ ಬೇಕಾದಲ್ಲಿ ಹೊಕ್ಕತದ. ಆಮ್ಯಾಲೆ ಯಾರನ್ನ ಕೇಳಾದು?"

ನಾನು ಹೆಸರು ಅಳಿಸಿಯೇ ಕಳಿಸಿದೆ, ಸೈಟಿನವರು ಒಪ್ಪಿಕೊಂಡರು. ಅಂದಿನಿಂದ ಎಷ್ಟೋ ದಿನ ಅಪ್ಪ ನನ್ನನ್ನೂ ಹೆಸರು ಹಿಡಿದು ಕರೆಯಲಿಲ್ಲ.

೨. ಒಂದು ಹಾಳೆ

ಗುಡ್ಡಗಳನ್ನು ಯಾರೂ ಕೊಳ್ಳಲಿಲ್ಲ. ಮುಖಗಳು ಹೋಗುತ್ತವೆ, ರೈತರ ಮುಖ ಇನ್ನೂ ಚೆನ್ನಾಗಿ ಹೋಗುತ್ತದೆ ಎಂದು ಗೆಳೆಯ ಹೇಳಿದ. ನನಗೆ ತಕ್ಷಣ ನೆನಪಾದದ್ದು ಕಾಕಾನ ಮುಖ.

ಕಾಕಾ ಎಂದರೆ ಅಪ್ಪನ ಒಬ್ಬನೇ ತಮ್ಮ. ಸುರಪುರ ರಸ್ತೆಯ ನಮ್ಮ ಹಳ್ಳಿಯಲ್ಲಿ ಕೆನಾಲಿನ ಬಗಲಿಗೆ ಇಬ್ಬರ ಹೊಲ ಹೊಂದಿಕೊಂಡಿವೆ. ಅಪ್ಪ ತನ್ನದನ್ನು ಪಾಲಿಗೆ ಕೊಟ್ಟಿದ್ದಾನೆ, ಕಾಕಾ ತಾನೇ ಮಾಡುತ್ತಾನೆ. ಒಂದು ವರ್ಷ ಅಪ್ಪನ ಪಾಳಿಯ ನೀರನ್ನು ಕಾಕಾ ತನ್ನ ಭತ್ತಕ್ಕೆ ತಿರುಗಿಸಿಕೊಂಡನೆಂದು ಯಾರೋ ಹೇಳಿದರು. ಅಪ್ಪ ಊರ ಕಟ್ಟೆಯ ಮೇಲೆ, ನಾಲ್ಕು ಜನರ ಮುಂದೆ, ಅವನನ್ನು ನೀರುಗಳ್ಳ ಎಂದುಬಿಟ್ಟ. ಅಲ್ಲಿಗೆ ಮಾತು ಮುಗಿಯಿತು. ಮನೆತನದ ಗ್ರೂಪ್ ಫೋಟೊ ತೆಗೆಯುವಾಗ ಒಬ್ಬ ಈ ತುದಿ, ಒಬ್ಬ ಆ ತುದಿ ನಿಲ್ಲುತ್ತಾರೆ. ಇಬ್ಬರನ್ನೂ ಹಿಡಿಸಲು ನಾನು ಹಿಂದೆ ಸರಿದು ಸರಿದು ಒಮ್ಮೆ ಗಟಾರಕ್ಕೆ ಬಿದ್ದಿದ್ದೇನೆ. ಇಬ್ಬರಿಗೂ ವಯಸ್ಸಾಗಿದೆ. ಮಾತಾಡದೆಯೇ ಒಬ್ಬ ಹೋಗಿಬಿಟ್ಟರೆ ಉಳಿದವನ ಗತಿ ಏನು ಎಂಬ ಭಯ ನನಗೆ ಸದಾ ಇತ್ತು.

ಅಪ್ಪನಿಗೆ ಹೇಳದೆ ಹಳ್ಳಿಗೆ ಹೋದೆ. ಮುಖವನ್ನು ಮಾರಲು ಆ ಮುಖದವರ ಒಪ್ಪಿಗೆ ಬೇಕು, ಅದಕ್ಕೊಂದು ಹಾಳೆಯ ಮೇಲೆ ಹೆಬ್ಬೆಟ್ಟು ಬೇಕು. ಕಾಕಾ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಕೆನಾಲಿಗೆ ಹೊಲ ತೆಗೆದುಕೊಳ್ಳಲು ಬಂದವರೂ ಇಷ್ಟೇ ಸಣ್ಣ ಹಾಳೆ ತಂದಿದ್ದರು ಎಂದ. ಸಾಕ್ಷಿ ಯಾರು, ಮನೆಯ ಕಾಗದಕ್ಕೆಲ್ಲ ಅಣ್ಣನೇ ಸಹಿ ಮಾಡುತ್ತಿದ್ದ ಎಂದು ಬಾಯಿತಪ್ಪಿ ಅಂದು, ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಕರೆದು ಸಹಿ ಮಾಡಿಸಿದ. ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡವನು ಮತ್ತೆ ತಡೆದ. ನಿನ್ನ ಮುಖ ಎಲ್ಲಿಗೂ ಹೋಗುವುದಿಲ್ಲ ಕಾಕಾ, ಇದ್ದಲ್ಲೇ ಇರುತ್ತದೆ ಎಂದು ನಾನು ಧೈರ್ಯ ಹೇಳಿದೆ.

"ಹೊಲಾನೂ ಎಲ್ಲಿಗೂ ಹೋಗಿಲ್ಲಪ್ಪ," ಎಂದ ಕಾಕಾ. "ಇದ್ದಲ್ಲೇ ಅದ. ಮ್ಯಾಲೆ ನೀರು ಹೊಂಟಾದ, ಅಷ್ಟ."

೩. ಸಹಜ ಭಂಗಿ

ಸೈಟಿನವರಿಗೆ ಬೇಕಾದದ್ದು ಕೆಲಸದಲ್ಲಿರುವ ರೈತ, ಸಹಜವಾಗಿ. ಕಾಕಾ ಹೊಲಕ್ಕೆ ಬಂದದ್ದು ಇಸ್ತ್ರಿಯ ಧೋತರ, ಬಿಳಿ ಅಂಗಿ, ಹೊಸ ರುಮಾಲು, ಅಳಿಯನ ಗಡಿಯಾರ, ಜೇಬಿಗೊಂದು ಪೆನ್ನು ಸಿಕ್ಕಿಸಿಕೊಂಡು. ಬದುವಿನ ಮೇಲೆ ಎರಡೂ ಕೈ ತೊಡೆಗೆ ಹಚ್ಚಿ, ಉಸಿರು ಬಿಗಿಹಿಡಿದು ನಿಂತ. ಕಾಕು ಎಮ್ಮೆಗೂ ಮೈತೊಳೆದು ಹಣೆಗೆ ಕುಂಕುಮ ಹಚ್ಚಿ ಕರೆತಂದಿದ್ದಳು. ಇಬ್ಬರಲ್ಲಿ ಎಮ್ಮೆಯೇ ಸ್ವಲ್ಪ ಸಹಜವಾಗಿತ್ತು.

ದಿನದ ಅಂಗಿ ಹಾಕಿಕೋ ಎಂದರೆ ಕಾಕಾನಿಗೆ ಸಿಟ್ಟು ಬಂತು.

"ಹರಕ ಅಂಗಿ ಮ್ಯಾಲೆ ಫೋಟೊ ತೆಗದ್ರ ನೋಡಿದವರು ಏನಂದಾರು? ಸ್ಟುಡಿಯೊ ನಿಮ್ಮಪ್ಪಂದು. ಅವನ ಹೆಸರು ಕೆಡ್ತದ."

ನಾನು ಸೋತು ಕ್ಯಾಮೆರಾ ಇಳಿಸಿದೆ. ಫೋಟೊ ಮುಗಿಯಿತೆಂದು ಕಾಕಾ ರುಮಾಲು, ಅಂಗಿ, ಗಡಿಯಾರ ಎಲ್ಲ ಬಿಚ್ಚಿ ಮಡಚಿ ಕಾಕುವಿನ ಕೈಗೆ ಕೊಟ್ಟು, ಹಳೆಯ ಟವೆಲು ತಲೆಗೆ ಸುತ್ತಿಕೊಂಡ. ಆಮೇಲೆ ಹುಬ್ಬಿನ ಮೇಲೆ ಕೈ ಇಟ್ಟು ದೂರಕ್ಕೆ ನೋಡಿದ. ಆಗ ತೆಗೆದೆ. ಏನು ನೋಡುತ್ತಿದ್ದಿ ಎಂದು ಕೇಳಿದರೆ, ಅಣ್ಣನ ಹೊಲಕ್ಕೆ ನೀರು ಮುಟ್ಟಿದೆಯೋ ಇಲ್ಲವೋ ಎಂದು, ಪಾಲಿಗೆ ಮಾಡುವವನು ತೂಬು ನೋಡದೆ ಮಲಗಿಬಿಡುತ್ತಾನೆ, ದಿನಾ ತಾನೇ ನೋಡಬೇಕು ಎಂದ. ಇದನ್ನು ಅಪ್ಪನಿಗೆ ಹೇಳಕೂಡದೆಂದು ತಲೆಯ ಮೇಲೆ ಕೈ ಇಡಿಸಿಕೊಂಡು ಆಣೆ ಮಾಡಿಸಿದ.

‘ಉಜ್ವಲ ಭವಿಷ್ಯದತ್ತ ನೋಡುತ್ತಿರುವ ರೈತ’ ಎಂದು ಶೀರ್ಷಿಕೆ ಕೊಟ್ಟು ಸೈಟಿಗೆ ಹಾಕಿದೆ. ಸ್ವಲ್ಪ ದಿನಕ್ಕೇ ಯಾರೋ ಕೊಂಡರು. ಬಂದದ್ದು ಬಸ್ ಸ್ಟ್ಯಾಂಡಿನ ಅರ್ಧ ಚಹಾಕ್ಕೂ ಸಾಲದು, ಆದರೂ ನನ್ನ ಮೊದಲ ಮಾರಾಟ. ಹಳ್ಳಿಗೆ ಹೋಗಿ ಹೇಳಿದೆ. ಯಾರು ತೆಗೆದುಕೊಂಡರು ಎಂದು ಕಾಕಾ ಕೇಳಿದ. ಸೈಟಿನವರು ಅದನ್ನು ಹೇಳುವುದಿಲ್ಲ ಎಂದೆ.

ಕಾಕಾ ಕೊಟ್ಟಿಗೆಯ ಕಡೆ ಕೈ ಮಾಡಿದ. "ಆಕಳ ಕೊಟ್ರೂ ಯಾವ ಮನಿಗೆ ಅಂತ ಕೇಳ್ತೀವಿ. ನೀ ಕಾಕಾನ್ನ ಕೊಟ್ಟು ಕೇಳಲಿಲ್ಲಲ್ಲೋ."

೪. ಹಾರ

ಯಾವ ಮನೆಗೆ ಎಂದು ತಿಳಿಯಲು ತಡವಾಗಲಿಲ್ಲ.

ನಮ್ಮ ಕಡೆ ಆಳೆತ್ತರದ ಫ್ಲೆಕ್ಸಿನಲ್ಲಿ ಮುಖ ಬರುವುದು ಎರಡೇ ಕಾರಣಕ್ಕೆ. ಒಂದು, ಮುಖಂಡರ ಹುಟ್ಟುಹಬ್ಬ. ಇನ್ನೊಂದು, ಶ್ರದ್ಧಾಂಜಲಿ. ಯಾದಗಿರಿಯಲ್ಲಿರುವ ನಮ್ಮ ಹಳ್ಳಿಯವನೊಬ್ಬ ಬಸ್ ಸ್ಟ್ಯಾಂಡಿನ ಹತ್ತಿರ ಹೋಗುವಾಗ ದೊಡ್ಡ ಫ್ಲೆಕ್ಸಿನಲ್ಲಿ ಕಾಕಾನನ್ನು ಕಂಡಿದ್ದಾನೆ. ಹಿಂದೆ ಆಕಾಶ, ಸುತ್ತ ಹಳದಿ ಹೂವು, ಕೆಳಗೆ ಅವನಿಗೆ ಓದಲು ಬಾರದ ಇಂಗ್ಲಿಷು. ಕಾಕಾ ಮುಖಂಡನಲ್ಲ, ಹುಟ್ಟಿದ ದಿನ ಅವನಿಗೇ ಗೊತ್ತಿಲ್ಲ. ಉಳಿದದ್ದು ಇನ್ನೊಂದು ಕಾರಣ. ಫ್ಲೆಕ್ಸಿನ ಮುಂದೆ ಚಪ್ಪಲಿ ಬಿಟ್ಟು, ಕೈಮುಗಿದು, ಸತ್ತ ಮನೆಗೆ ಫೋನು ಮಾಡಬಾರದೆಂದು ನೇರ ಅಪ್ಪನಿಗೆ ಮಾಡಿದ್ದಾನೆ.

ನಾನು ಅಂಗಡಿಯ ಒಳಗಿದ್ದೆ. ಅಪ್ಪ ಎದ್ದು ಎದುರಿನ ಹೂವಿನವಳ ಹತ್ತಿರ ಹೋಗಿ ದೊಡ್ಡ ಹಾರ ಕಟ್ಟಿಸಿಕೊಂಡು ಬಂದ. "ಬಾಗಲ ಹಾಕು. ನಿಮ್ಮ ಕಾಕಾ ಹೋಗ್ಯಾನ," ಎಂದ. ಕಾಕಾನಿಗೆ ಫೋನು ಹಚ್ಚಿದರೆ ಬಂದ್ ಇತ್ತು. ಹೊಲಕ್ಕೆ ಹೋಗುವಾಗ ಅದನ್ನು ಅವನು ದಿನಾ ಬಂದ್ ಮಾಡುತ್ತಾನೆಂಬುದು ಆ ಗಳಿಗೆಯಲ್ಲಿ ತಲೆಗೇ ಬರಲಿಲ್ಲ.

ಬೈಕಿನಲ್ಲಿ ಅಪ್ಪ ಹಾರವನ್ನು ಎದೆಗೆ ಒತ್ತಿಕೊಂಡು ನನ್ನ ಹಿಂದೆ ಕೂತ. ಕೆನಾಲಿನ ಸೇತುವೆ ದಾಟುವಾಗ ನನ್ನ ಬೆನ್ನಿಗೆ ಹೇಳಿದ.

"ಆ ಮಾತು ನಾ ಅನ್ನಬಾರದಿತ್ತು."

ನಾನು ಅಳುತ್ತಿದ್ದೆ, ಬೈಕೂ ನಡೆಸಬೇಕಿತ್ತು.

ಮನೆಯ ಮುಂದೆ ಜನ ಇರಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ. ಅಣ್ಣನನ್ನು ಕಂಡು ಎದ್ದು ನಿಂತ, ಮಡಿಲಿನ ಮೆಣಸಿನಕಾಯಿ ಎಲ್ಲ ಚೆಲ್ಲಿದವು. ಅಪ್ಪ ಹಾರ ಹಿಡಿದುಕೊಂಡು ಅಲ್ಲೇ ನಿಂತ. ಇಷ್ಟು ವರ್ಷಗಳ ಮೇಲೆ ಮೊದಲ ಮಾತು ಯಾರು ಆಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

"ಸತ್ತಿ ಅಂದ್ರು," ಎಂದ ಅಪ್ಪ.

"ಇಲ್ಲಣ್ಣ," ಎಂದ ಕಾಕಾ, ತಪ್ಪು ಮಾಡಿದವನಂತೆ. ಆಮೇಲೆ ಹಾರ ನೋಡಿದ. "ನನಗ ತಂದೀಯೇನು?"

"ಮತ್ತ್ಯಾರಿಗೆ?" ಎಂದು ಅಪ್ಪ ಅದನ್ನು ಅವನ ಕೊರಳಿಗೆ ಹಾಕಿದ. ಹಾಕಿದ ಕೈ ತೆಗೆಯಲಿಲ್ಲ. ಹೆಗಲ ಮೇಲೆ ಹಾಗೇ ಇಟ್ಟುಕೊಂಡು ಇಬ್ಬರೂ ಅತ್ತರು. ಮೆಣಸಿನಕಾಯಿಯ ಕೈಯಲ್ಲಿ ಕಣ್ಣು ಒರೆಸಿಕೊಂಡದ್ದರಿಂದ ಕಾಕಾ ಸ್ವಲ್ಪ ಹೆಚ್ಚಿಗೆ ಅತ್ತ. ಕ್ಯಾಮೆರಾ ಚೀಲ ಹೆಗಲಲ್ಲೇ ಇತ್ತು, ನಾನು ಒಂದು ಫೋಟೊ ತೆಗೆದೆ.

ಚಹಾ ಕುಡಿಯುವಾಗ ಅಪ್ಪ ಫ್ಲೆಕ್ಸಿನ ವಿಷಯ ಎತ್ತಿದ. ಕಾಕಾ ನನ್ನ ಕಡೆ ನೋಡಿದ. ನಾನು ಎಲ್ಲ ಹೇಳಿದೆ, ಆಣೆ ಮುರಿದು ತೂಬಿನ ಮಾತನ್ನೂ ಹೇಳಿದೆ. ಅಪ್ಪ ತಲೆ ತಗ್ಗಿಸಿ ಚಹಾ ಮುಗಿಸಿ, ಬಟ್ಟಲು ಇಟ್ಟು, ನನಗೆ ಬಯ್ದ.

"ಹೆಸರು, ನಂಬರ್ ಹಾಕಿದ್ರ ಆ ಫ್ಲೆಕ್ಸ್ ನೋಡಿದಂವ ನಿನಗ ಫೋನ್ ಮಾಡಿ ಕೇಳ್ತಿದ್ದಿಲ್ಲೇನು?"

ಆ ಫ್ಲೆಕ್ಸು ಪೈಪಿನ ಕಂಪನಿಯೊಂದರ ಜಾಹೀರಾತು ಎಂದು ಆಮೇಲೆ ತಿಳಿಯಿತು. ಅಣ್ಣ ತಮ್ಮಂದಿರ ಫೋಟೊವನ್ನೂ ನಾನು ಸೈಟಿಗೆ ಕಳಿಸಿದೆ, ಅಪ್ಪನ ಮಾತಿನಂತೆ ಮೂಲೆಗೆ ಕೆಂಪಕ್ಷರದಲ್ಲಿ ಹೆಸರು ಹಾಕಿ. ಹೆಸರು ತೆಗೆದರೂ ಪ್ರಯೋಜನವಿಲ್ಲ, ಇಂಥ ಚಿತ್ರಕ್ಕೆ ಬೇಡಿಕೆ ಇಲ್ಲ ಎಂದು ವಾಪಸು ಕಳಿಸಿದರು. ದೊಡ್ಡದು ಮಾಡಿ ಕಟ್ಟು ಹಾಕಿಸಿ ಸ್ಟುಡಿಯೊದ ಗೋಡೆಗೆ ತೂಗುಹಾಕಿದ್ದೇನೆ.

ಈಗ ಸಂತೆಯ ದಿನ ಕಾಕಾ ಬಂದು ಅಪ್ಪನ ಬಗಲಿಗೆ ಬೆಂಚಿನ ಮೇಲೆ ಕೂರುತ್ತಾನೆ. ಪಾಸ್‌ಪೋರ್ಟ್ ಫೋಟೊಕ್ಕೆ ಬಂದವರು ಗೋಡೆ ನೋಡುತ್ತಾರೆ, ಹಾರ ಕಂಡು ಚಪ್ಪಲಿ ಬಿಡುತ್ತಾರೆ, ಪಾಪ, ಹೋಗಿ ಎಷ್ಟು ದಿನವಾಯಿತು ಎಂದು ಮೆಲ್ಲಗೆ ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಬೆಂಚಿನಿಂದ ಕಾಕಾ ಹೇಳುತ್ತಾನೆ.

"ಹೊಂಟಿದ್ದೆರಿ. ಅಣ್ಣ ಬಂದ, ಅದಕ್ಕ ನಿಂತೀನಿ."