ಕಾಕಾನ ಮೂರನೇ ಪ್ರಶ್ನೆ

ನಮ್ಮ ಕಾಕಾನ ಮನೆಯಲ್ಲಿ ಎರಡನೇ ಕಪ್ ಚಹಾ ಕುಡಿದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಬೇಕು. ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡುವ ವಿಚಾರವಿದೆ! ಶಾಲು ತಂದಿಟ್ಟು ಬಹಳ ವರ್ಷಗಳಾದವು. ಇನ್ನೂ ಯಾರೂ ಮುಂದೆ ಬಂದಿಲ್ಲ.

ಹಾಗೆಂದು ಕಾಕಾ ಕೆಟ್ಟ ಮನುಷ್ಯರಲ್ಲ. ಇಂಡಿ ಎಂಬ ಊರಿನ ಶಾಲೆಯೊಂದರಲ್ಲಿ ಗಣಿತ ಕಲಿಸುವ ಮಾಸ್ತರರು. ತಪ್ಪು ಅವರದಲ್ಲ, ಅವರ ಮನೆಯದು. ಅದು ಬಸ್ ಸ್ಟ್ಯಾಂಡಿನ ಬೆನ್ನಿಗೇ ಇದೆ. ಚಡಚಣದ ಬಸ್ಸು ತಪ್ಪಿದವರು, ಸಿಂದಗಿಯ ಬಸ್ಸಿಗೆ ಇನ್ನೂ ಹೊತ್ತಿದ್ದವರು, ಬಿಸಿಲು ತಾಳಲಾರದವರು, ಎಲ್ಲರೂ "ಇಲ್ಲೇ ಮಾಸ್ತರ ಮನಿ ಐತಲ್ಲ" ಎಂದು ನುಗ್ಗುತ್ತಾರೆ. ಮನುಷ್ಯ ಎಷ್ಟಂತ ತಡೆದುಕೊಂಡಾನು? ಕೊನೆಗೆ ಕಾಕಾ ಬಾಗಿಲಲ್ಲೇ ಮೂರು ಪ್ರಶ್ನೆ ಕೇಳುವ ಪದ್ಧತಿ ಹಾಕಿದರು. ಯಾಕ ಬಂದ್ರಿ? ಎಷ್ಟು ದಿನ ಇರ್ತೀರಿ? ಹೊಳ್ಳಿ ಯಾವಾಗ ಹೋಗ್ತೀರಿ? ಮೂರಕ್ಕೂ ಸಮಾಧಾನಕರ ಉತ್ತರ ಸಿಕ್ಕರೆ ಚಪ್ಪಲಿ ಬಿಡಬಹುದು.

ಒಳಗೆ ಹೋದರೂ ಪಾರಾದೆವು ಅನ್ನುವಂತಿಲ್ಲ. ಅತಿಥಿ ಕೂಡುವ ಕುರ್ಚಿಯ ಎದುರಿನ ಗೋಡೆಯ ಮೇಲೆ ದೇವರ ಫೋಟೋ ಇಲ್ಲ, ಕ್ಯಾಲೆಂಡರ್ ಇಲ್ಲ; ಬಸ್ಸಿನ ವೇಳಾಪಟ್ಟಿ ಇದೆ. ಕಾಕಾ ಸ್ವತಃ ದುಂಡಗಿನ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದು. ಪ್ರತಿ ಊರಿನ ಕೊನೆಯ ಬಸ್ಸಿಗೆ ಕೆಂಪು ಗೆರೆ. ಇಂಡಿಗೆ ಬರುವ ಬಸ್ಸುಗಳ ವೇಳೆ ಎಲ್ಲಿ ಅಂತೀರಾ? ಅದನ್ನು ಬರೆದಿಲ್ಲ. ಬರುವವರಿಗೆ ಅನುಕೂಲ ಮಾಡಿಕೊಟ್ಟು ಕೆಡುವವರು ಯಾರು!

ಒಮ್ಮೆ ಚಿಗವ್ವನ ತಮ್ಮ, ಅಂದರೆ ಕಾಕಾನ ಹೆಂಡತಿಯ ಸ್ವಂತ ತಮ್ಮ, ಮುದ್ದೇಬಿಹಾಳದಿಂದ ದೊಡ್ಡ ಚೀಲ ಹಿಡಿದು ಬಂದ.

"ಎಷ್ಟು ದಿನ ಇರ್ತಿ?"

"ಆರಾಮ ನಾಕ್ ದಿನ ಇರೂನಂತ ಬಂದೇನ್ರಿ ಮಾಮಾ."

ಕಾಕಾ ತಿರುಗಿ ಗೋಡೆ ನೋಡಿದರು. ಅವನೂ ನೋಡಿದ. ಸ್ವಲ್ಪ ಹೊತ್ತು ಇಬ್ಬರೂ ಸೇರಿ ಗೋಡೆ ನೋಡಿದರು.

"ಐದೂವರಿಗೊಂದು ಬಸ್ ಐತಿ," ಅಂದರು ಕಾಕಾ. "ಕೂಡಾಕ ಜಾಗಾನೂ ಸಿಗತೈತಿ."

ಅವನು ಐದೂವರೆಗೇ ಹೋದ. ಇಂಡಿಯಂಥ ಲಿಂಬೆಹಣ್ಣಿನ ಊರಲ್ಲಿ ಅಕ್ಕನ ಮನೆಗೆ ಬಂದು, ಬಸ್ ಸ್ಟ್ಯಾಂಡಿನ ಗಾಡಿಯಲ್ಲಿ ದುಡ್ಡು ಕೊಟ್ಟು ಶರಬತ್ತು ಕುಡಿದ ಪ್ರಪಂಚದ ಏಕೈಕ ತಮ್ಮ ಅವನೇ ಇರಬೇಕು.

ಇಂಥ ಮಹಾನುಭಾವರ ಒಬ್ಬಳೇ ಮಗಳು ಅಶ್ವಿನಿ ಏನು ಓದುತ್ತೇನೆ ಅಂದಳು ಗೊತ್ತೇ? ಹಾಸ್ಪಿಟಾಲಿಟಿ! ಅಂದರೆ ಬಂದವರನ್ನು ನಗುನಗುತ್ತ ಬರಮಾಡಿಕೊಳ್ಳುವುದು, ಉಣಿಸುವುದು, ಹಾಸಿಗೆ ಹಾಸಿಕೊಡುವುದು, ಇನ್ನೂ ಎರಡು ದಿನ ಇರಿ ಅನ್ನುವುದು. ಅದೂ ಎರಡು ವರ್ಷ ಹೊರದೇಶಕ್ಕೆ ಹೋಗಿ!

"ಸತ್ಕಾರ ಕಲಿಯಾಕ ಅಷ್ಟು ದೂರ ಯಾಕ ಹೋಗಬೇಕು?" ಎಂದು ನಾನು ಕೇಳಿದ್ದಕ್ಕೆ ಚಿಗವ್ವ ಗಂಡನ ಕಡೆ ನೋಡುತ್ತ, "ಮನ್ಯಾಗ ನೋಡಿ ಕಲಿಯಾಕ ಏನರ ಐತೇನೋ ತಮ್ಮಾ?" ಅಂದಳು. ಲಚ್ಯಾಣದ ನಮ್ಮ ಅಜ್ಜಿಯೊಬ್ಬಳು ಇದು ಆಸ್ಪತ್ರೆಯ ಓದೇ ಎಂದು ತಿಳಿದು, "ಹೊಳ್ಳಿ ಬಂದ ಮ್ಯಾಲ ಮೊದಲ ನನ್ನ ಮೊಣಕಾಲ ನೋಡವಾ" ಎಂದು ಈಗಲೇ ನಂಬರ್ ಹಚ್ಚಿ ಹೋದಳು.

ಕಾಕಾ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಾಗದಗಳಿಗೆಲ್ಲ ಸಹಿ ಹಾಕಿಕೊಟ್ಟರು.

ಅಷ್ಟರಲ್ಲಿ ವೀಸಾ ತಿರಸ್ಕಾರವಾಯಿತು. ದೇಶದ ಹೆಸರು ನಾನು ಹೇಳುವುದಿಲ್ಲ. ನಮ್ಮ ಹುಡುಗಿಯನ್ನು ಒಮ್ಮೆ ಬೇಡ ಅಂದ ದೇಶದ ಮೇಲೆ ನನಗಿನ್ನೂ ಸ್ವಲ್ಪ ಮುನಿಸಿದೆ. ಓದು ಮುಗಿದ ಮೇಲೆ ಈಕೆ ತನ್ನ ಊರಿಗೆ ಮರಳುತ್ತಾಳೆಂದು ನಮಗೆ ನಂಬಿಕೆ ಬರಲಿಲ್ಲ ಎಂದು ಪತ್ರದಲ್ಲಿ ಬರೆದಿದ್ದರು. ಅಶ್ವಿನಿ ಎರಡು ದಿನ ಉಣ್ಣಲಿಲ್ಲ. ಆ ಕಾಲೇಜಿನವರು ಸೀಟನ್ನು ಒಂದೇ ಒಂದು ಸಲ ಮುಂದಕ್ಕೆ ಹಾಕಿಕೊಟ್ಟರು. ಮತ್ತೊಮ್ಮೆ ವೀಸಾ ಸಿಗದಿದ್ದರೆ ಸೀಟೂ ಇಲ್ಲ, ಓದೂ ಇಲ್ಲ.

ಮೂರನೇ ದಿನ ಕಾಕಾ ಮಗಳನ್ನು ಕರೆದು ಕೇಳಿದರು, "ಸಂದರ್ಶನದಾಗ ಏನೇನ್ ಕೇಳಿದ್ರು?"

"ಯಾಕ ಬರ್ತಿ, ಎಷ್ಟು ದಿನ ಇರ್ತಿ, ಹೊಳ್ಳಿ ಯಾವಾಗ ಹೋಗ್ತಿ ಅಂತ."

ಕಾಕಾ ಚಷ್ಮಾ ತೆಗೆದರು. "ಇಷ್ಟ? ಈ ಮನ್ಯಾಗ ಹುಟ್ಟಿ, ಈ ಮೂರ ಪ್ರಶ್ನಿಗೆ ನೀ ಫೇಲ್?"

ಆ ವೀಸಾ ಅಧಿಕಾರಿಯ ಮೇಲೆ ಅವರಿಗೆ ಸಿಟ್ಟು ಬರಬೇಕಿತ್ತಲ್ಲವೇ? ಇಲ್ಲ! "ಶಾಣ್ಯಾ ಮನಷ್ಯಾ ಅದಾನ," ಅಂದರು. "ಬಾಗಲದಾಗ ಕೇಳಕೊಂಡ ಬಿಡೂದು ಚಲೋ." ಜೀವಮಾನದಲ್ಲಿ ಮೊದಲ ಬಾರಿಗೆ ಅವರಿಗೆ ತಮ್ಮಂಥ ಇನ್ನೊಬ್ಬ ಮನುಷ್ಯ ಸಿಕ್ಕಿದ್ದ.

ಅಂದಿನಿಂದ ದಿನಾ ಸಂಜೆ ತಾಲೀಮು ಶುರುವಾಯಿತು. ಕಾಕಾ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ವೀಸಾ ಅಧಿಕಾರಿಯಾಗುವರು. ಅಶ್ವಿನಿ ಫೈಲು ಹಿಡಿದು ಅಂಗಳದಿಂದ ಬರಬೇಕು. ಒಂದು ಭಾನುವಾರ ನಾನು ನಮ್ಮೂರು ಬಾಗೇವಾಡಿಯಿಂದ ಹೋಗಿದ್ದೆ. ಅಧಿಕಾರಿಗಳು ಕೆಲಸದಲ್ಲಿದ್ದುದರಿಂದ ನನ್ನ ಮೂರು ಪ್ರಶ್ನೆಗಳನ್ನು ಅವತ್ತು ಮಾಫಿ ಮಾಡಿದರು.

ಮೊದಲೆರಡು ಪ್ರಶ್ನೆಗಳಿಗೆ ಅಶ್ವಿನಿ ಇಂಗ್ಲಿಷಿನಲ್ಲಿ ಪಟಪಟನೆ ಉತ್ತರ ಕೊಟ್ಟಳು. ಕಾಕಾ ತಲೆಯಾಡಿಸಿದರು. ಮೂರನೆಯದಕ್ಕೂ ಕೊಟ್ಟಳು. ತಲೆ ಆಡಲಿಲ್ಲ.

"ಕನ್ನಡದಾಗ ಹೇಳು."

"ಅಪ್ಪಾ, ಅಲ್ಲೆ ಕನ್ನಡ ಯಾರ್ ಕೇಳ್ತಾರ?"

"ಕೇಳಿದ್ರ?"

"ಕೋರ್ಸ್ ಮುಗದ ಮರುದಿನಾನ ಹೊಳ್ಳಿ ಬರ್ತೇನ್ರಿ ಸರ್."

"ಖರೇ ಅನಸಲಿಲ್ಲ. ಫೇಲ್. ಮತ್ತೊಮ್ಮೆ ಹೇಳು."

ಆಕೆ ಮತ್ತೊಮ್ಮೆ ಹೇಳಿದಳು. ದನಿ ಸಣ್ಣದಾಯಿತು ಅಂದರು. ಮತ್ತೊಮ್ಮೆ. ಅವಸರ ಮಾಡಿದಿ ಅಂದರು. ಅವತ್ತೊಂದೇ ಸಂಜೆ ಹುಡುಗಿ ಏಳು ಸಲ ಫೇಲಾದಳು. ಶಾಲೆಯಲ್ಲಿ ಕೂಡ ಕಾಕಾ ಯಾರನ್ನೂ ಹೀಗೆ ಫೇಲು ಮಾಡಿದವರಲ್ಲ.

"ಕಾಕಾ ಆಕಿನ್ನ ಭಾಳ ಕಾಡಸಾಕತ್ತಾರ," ಎಂದು ನಾನು ಚಿಗವ್ವನ ಹತ್ತಿರ ಅಡುಗೆಮನೆಯಲ್ಲಿ ಅಂದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನಿನಗ ತಿಳಿಯಂಗಿಲ್ಲ ಬಿಡೋ," ಅಂದಳು.

ತಾಲೀಮು ಫಲಿಸಿತು. ಎರಡನೇ ಸಲ ಆ ಅಧಿಕಾರಿ ಮೂರನೇ ಪ್ರಶ್ನೆ ಮುಗಿಸುವ ಮೊದಲೇ ಇವಳು ಉತ್ತರ ಕೊಟ್ಟಳಂತೆ. ವೀಸಾ ಬಂತು!

ಹೊರಡುವ ದಿನ ಬೆಳಿಗ್ಗೆ ನಾನೂ ಅಲ್ಲಿದ್ದೆ. ಅಂಗಳದಲ್ಲಿ ಕಾರು ನಿಂತಿತ್ತು, ಚೀಲಗಳನ್ನು ಏರಿಸಿಯಾಗಿತ್ತು. ಡ್ರೈವರ್ ಹಾರ್ನ್ ಹೊಡೆದ. ಕಾಕಾ ಹೊರಗೆ ಹೋಗಿ, "ಅವಸರ ಏನೈತೋ, ಒಳಗ ಬಾ, ಚಹಾ ಕುಡಿ," ಅಂದರು. ನಾನು ನನ್ನ ಕಿವಿಯನ್ನು ನಂಬಲಿಲ್ಲ. ಅವನು ಕುಡಿದು ಎದ್ದು ನಿಂತ. "ಕೂಡೋ, ಇನ್ನೊಂದ್ ಕಪ್ ಕುಡಿ," ಅಂದರು ಕಾಕಾ. ಎರಡನೇ ಕಪ್! ಇಷ್ಟು ವರ್ಷ ಕಾದ ಮನುಷ್ಯ ಸಿಕ್ಕಿದ್ದ, ನನ್ನ ಶಾಲು ಬಾಗೇವಾಡಿಯಲ್ಲಿ ಬಿದ್ದಿತ್ತು. ಆದರೆ ಆ ಹೊತ್ತಿಗೆ ಯಾಕೋ ನನಗೆ ನಗು ಬರಲಿಲ್ಲ.

ಮೂರನೇ ಕಪ್ಪಿಗೆ ಡ್ರೈವರ್ ಕೈ ಮುಗಿದ. ಅಶ್ವಿನಿ ಹೊರಗೆ ಹೆಜ್ಜೆ ಇಡಬೇಕು, ಬಾಗಿಲಲ್ಲಿ ಕುರ್ಚಿ ಅಡ್ಡ ಇತ್ತು. ಕುರ್ಚಿಯಲ್ಲಿ ಕಾಕಾ.

"ಮೂರನೇ ಪ್ರಶ್ನಿ ಒಂದ್ಸಲ ಆಗ್ಲಿ."

"ಅಪ್ಪಾ, ವೀಸಾ ಬಂದೈತಲ್ಲಾ! ಇನ್ನ್ಯಾಕ?"

"ಇರ್ಲಿ. ಹೊಳ್ಳಿ ಯಾವಾಗ ಬರ್ತಿ?"

ಅಷ್ಟು ವರ್ಷ ಆ ಬಾಗಿಲಲ್ಲಿ "ಹೋಗ್ತಿ" ಅನ್ನುತ್ತಿದ್ದ ಬಾಯಿ "ಬರ್ತಿ" ಅಂದದ್ದನ್ನು ನಾನು ಕೇಳಿದೆ. ಅಷ್ಟು ಸಂಜೆ ಮಗಳನ್ನು ಯಾಕೆ ಫೇಲು ಮಾಡುತ್ತಿದ್ದರು ಎಂಬುದು ದಡ್ಡನಾದ ನನಗೂ ಆಗ ತಿಳಿಯಿತು.

ಅಶ್ವಿನಿ ಕುರ್ಚಿಯ ಮುಂದೆ ಕೂತು ಅವರ ಎರಡೂ ಕೈ ಹಿಡಿದುಕೊಂಡಳು.

"ಕೋರ್ಸ್ ಮುಗದ ಮರುದಿನಾನ ಹೊಳ್ಳಿ ಬರ್ತೇನಿ, ಅಪ್ಪಾ."

"ಮತ್ತೊಮ್ಮೆ ಹೇಳು," ಅಂದರು ಕಾಕಾ.